ಪೂರ್ವಕ್ಕೆ ಸೊನ್ನೆ

ಕಾಳಿಯ ಅಳಿವೆಯ ಮೇಲೆ ನೂರಿಪ್ಪತ್ತು ಮೀಟರು,
ಡ್ರೋನು ಒಂದು ನಿಮಿಷ ಅಲುಗದೆ ನಿಂತಿತ್ತು.
ಕೋಡಿಬಾಗದ ಕೋಣೆಯಲ್ಲಿ ಈಗ ಪರದೆಯ ತುಂಬ
ಇಪ್ಪತ್ತಮೂರು ದೋಣಿ, ಅಕ್ಕಿಯಲ್ಲಿ ಉಳಿದ ಭತ್ತದ ಹಾಗೆ.

ಲಂಗರು ಬಿಟ್ಟ ದೋಣಿ ಹರಿವಿಗೆ ಎದುರಾಗಿ ಮೂತಿ ಹಿಡಿಯುತ್ತದೆ.
ಇಷ್ಟನ್ನೇ ನಂಬಿ ಶುರು ಮಾಡಿದ್ದು.
ಪೂರ್ವಕ್ಕೆ ಸೊನ್ನೆ ಇಟ್ಟೆ.
ಮೂತಿಗಳ ಕೋನ ಅಳೆ, ಸರಾಸರಿ ತೆಗೆ,
ನೀರು ಎತ್ತ ಹೊರಟಿದೆ ಹೇಳು.

ಕಂಪ್ಯೂಟರಿಗೆ ಮೂತಿಯೂ ಹಿಂಬದಿಯೂ ಒಂದೇ.
ಉದ್ದಕ್ಕೆ ಗೆರೆ ಎಳೆಯುತ್ತದೆ, ಬಾಣದ ತಲೆ ಎಲ್ಲಿಡಬೇಕು ತಿಳಿಯದು.
ಅಂಚಿನ ಸುತ್ತ ನಡೆಸಿದೆ ಅದನ್ನು,
ಪ್ರತಿ ತಿರುವಿನಲ್ಲೂ ಎಷ್ಟು ತಿರುಗಿದೆ ಎಂದು ಕೇಳುತ್ತ.
ಎಲ್ಲಿ ಕೋನ ನಲವತ್ತಕ್ಕೆ ಕಿರಿದಾಯಿತೋ
ಅಲ್ಲಿ ಮೂತಿ.

ಆಮೇಲೆ ಮರ್ಯಾದೆ ಹೋಯಿತು.

ಡೀಸೆಲ್ ಚೀಟಿಗೆ ಸಹಿ ಹಾಕಿಸಲು ಬಂದ ಪುರ್ಸೋ ತಾಂಡೇಲ
ಪರದೆಗೆ ಬಗ್ಗಿ ಓದಿದ: "ಭರತ."
"ಎಂತದು ಬಾಯಿ, ಇಳಿತದ ಹೊತ್ತಲ್ವ ಇದು?
ಎಲ್ಲಾ ಕದ್ರಾ ಕಡೆ ಮುಖ ಮಾಡಿ ನಿಂತಾವೆ, ನೋಡಿ."

ನಿಂತಿದ್ದವು. ಒಂದು ಮುನ್ನೂರ ಐವತ್ತೆಂಟರಲ್ಲಿ,
ಪಕ್ಕದ್ದು ಎರಡರಲ್ಲಿ, ಭುಜಕ್ಕೆ ಭುಜ.
ಕೂಡಿಸಿ ಎರಡರಿಂದ ಭಾಗಿಸಿದರೆ ನೂರ ಎಂಬತ್ತು.
ಇಡೀ ಸಾಲನ್ನು ಕಡಲಿಗೆ ತಿರುಗಿಸಿಟ್ಟಿತ್ತು ನನ್ನ ಲೆಕ್ಕ,
ಶಾಲೆಯ ಭಾಗಾಕಾರ ಒಂದೂ ತಪ್ಪದೆ.
ಸೊನ್ನೆಯ ಹೊಸಿಲ ಆಚೆ ಈಚೆ ಇರುವವರು ನೆರೆಯವರು
ಅಂತ ಅಂಕಿಗಳಿಗೆ ಯಾರೂ ಹೇಳಿರುವುದಿಲ್ಲ.

ಆ ರಾತ್ರಿ ಪ್ರತಿ ದೋಣಿಗೂ ಒಂದೊಂದು ಬಾಣ ಕೊಟ್ಟೆ,
ಟ್ರಾಲರಿಗೂ ಪಾತಿಗೂ ಒಂದೇ ಉದ್ದ.
ಒಂದರ ತುದಿಗೆ ಇನ್ನೊಂದರ ಬುಡ ಜೋಡಿಸುತ್ತ ಹೋಗಿ
ಹೊರಟಲ್ಲಿಂದ ಮುಟ್ಟಿದಲ್ಲಿಗೆ ಕಣ್ಣು ಹಾಯಿಸಿದರೆ
ಪೂರ್ವ.

ಭರತ ಮುಗಿದು ಇಳಿತ ಶುರುವಾಗದ ಗಳಿಗೆಯ ಚಿತ್ರದಲ್ಲಿ
ಬಾಣಗಳು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದವು.
ಆಗ ದಿಕ್ಕು ಕೇಳಬಾರದು.
ಕೇಳಿದರೆ ಏನಾದರೊಂದು ಹೇಳಿಬಿಡುತ್ತದೆ.
"ನೀರು ತಡೀತದೆ ಆವಾಗ," ಅಂದ ಪುರ್ಸೋ,
"ನಾವೂ ಬೀಡಿ ಹಚ್ಚೂದು."

ಹದಿನೇಳನೆಯ ದೋಣಿ ಮಾತ್ರ ಯಾವ ಚಿತ್ರದಲ್ಲೂ ನೂರ ನಾಲ್ಕು.
ಭರತಕ್ಕೂ ನೂರ ನಾಲ್ಕು, ಇಳಿತಕ್ಕೂ.
ದೋಷವೆಂದು ಅಳಿಸಲು ಹೊರಟಿದ್ದೆ.
"ಎರಡೂ ಕಡೆ ಹಗ್ಗ ಅದೆ," ಅಂದ.
"ಸೋಯ್ರೂನ ಹೆಂಡತಿ ಕಟ್ಟಿಸಿದ್ದು.
ಅವ ಇಲ್ಲದ ಮೇಲೆ ಅದು ಅಲೆದಾಡೂದು ಬೇಡ ಅಂತ."

ಈಗ ಅದು ಲೆಕ್ಕದಲ್ಲಿಲ್ಲ.
ಪಟ್ಟಿಯಲ್ಲಿದೆ.