ಮೂವತ್ತಕ್ಕಿಳಿದರೆ

ಟೊರಿನೊದಿಂದ ಮಿಲಾನಿಗೆ ಹೋಗುವ ಹೆದ್ದಾರಿಯಲ್ಲಿ
ನವೆಂಬರಿನ ಮಂಜು
ಒದ್ದೆ ಕಂಬಳಿಯ ಹಾಗೆ ಮುಖಕ್ಕೆ ಬಂದು ಬೀಳುತ್ತದೆ.
ಎರಡೂ ಕಡೆ ಭತ್ತದ ಗದ್ದೆ, ಕೊಯ್ಲು ಮುಗಿದ ಕೂಳೆ,
ಕೂಳೆಯ ನಡುವೆ ಒಂಟಿಕಾಲಲ್ಲಿ ಬೂದು ಕೊಕ್ಕರೆ.
ಅದಕ್ಕೆ ಯಾವ ಅವಸರವೂ ಇಲ್ಲ.

ನಾನು ಎರ್ಮೆತೆ. ಇಪ್ಪತ್ತಾರು ವರ್ಷದಿಂದ
ಬೊಸ್ಕಾರಿನೊ ಮನೆಯ ಡ್ರೈವರು.
ಹಿಂದಿನ ಸೀಟಿನಲ್ಲಿ ಸಿನ್ಯೋರಾ, ಎಂಬತ್ತೊಂದು ದಾಟಿದವರು,
ಮಡಿಲಲ್ಲಿ ನಾಯಿ,
ನಾಯಿಯ ಮೈಮೇಲೆ ಅವರದಕ್ಕಿಂತ ಒಳ್ಳೆಯ ಶಾಲು.

ಕಾರೆಂದರೆ ಕಾರು.
ಹದಿನಾಲ್ಕು ಹೋರಿಗಳ ಚರ್ಮವಂತೆ, ಒಂದು ಗೀರೂ ಬೀಳದಂತೆ
ಮುಳ್ಳುಬೇಲಿ ಇಲ್ಲದ ಬಯಲಲ್ಲಿ ಮೇಯಿಸಿದವು.
ವಾಲ್‌ನಟ್ ಮರದ ಹಲಗೆ, ಎಡಕ್ಕೂ ಬಲಕ್ಕೂ ಒಂದೇ ನಾರು,
ನಡುವೆ ಕನ್ನಡಿ ಹಿಡಿದಂತೆ.
ಬಾಗಿಲು ಹಾಕಿದರೆ ಸದ್ದಾಗುವುದಿಲ್ಲ,
ಯಾರೋ ದೊಡ್ಡವರು ಗಂಟಲು ಸರಿಮಾಡಿಕೊಂಡಂತೆ ಕೇಳಿಸುತ್ತದೆ.
ಬೆಲೆ ಹೇಳಲಾರೆ. ನನ್ನೂರಲ್ಲಿ ಅಷ್ಟಕ್ಕೆ
ಚರ್ಚನ್ನೂ ಅದರ ಗಂಟೆಯನ್ನೂ ಕೊಳ್ಳಬಹುದು,
ಪಾದ್ರಿ ಒಪ್ಪಿದರೆ.

ಸ್ಟೀರಿಂಗಿನ ಪಕ್ಕ ಒಂದು ಗುಂಡಿ.
ಒತ್ತಿದರೆ ಕಾರು ತಾನೇ ಮುಂದಿನ ಗಾಡಿಯನ್ನು ನೋಡಿಕೊಂಡು
ಅಂತರ ಕಾಯುತ್ತದೆ.
ಕಾಯುತ್ತದೆ, ಸುಳ್ಳಲ್ಲ.
ಬಿಸಿಲಿದ್ದರೆ, ದಾರಿ ಬಿಡುವಾಗಿದ್ದರೆ, ಯಾರೂ ಅಡ್ಡ ಬರದಿದ್ದರೆ,
ಅಂದರೆ, ಕಾಯುವ ಅಗತ್ಯವೇ ಇಲ್ಲದಿದ್ದರೆ.
ಪಕ್ಕದ ಸಾಲಲ್ಲಿ ಲಾರಿ ಕಂಡರೂ ಬೆಚ್ಚಿ
ಗಕ್ಕನೆ ಬ್ರೇಕು ಒತ್ತುತ್ತದೆ, ನಾಯಿ ಮಡಿಲಿಂದ ಜಾರುತ್ತದೆ.
ವೇಗ ಮೂವತ್ತಕ್ಕಿಳಿದರೆ
ಟಿಣ್,
ಬೆಳ್ಳಿ ಚಮಚ ಗಾಜಿಗೆ ತಾಗಿದಂತೆ ಒಂದೇ ಸದ್ದು,
ಅಷ್ಟೆ, ಕೈಕೊಡುತ್ತದೆ.
ಅದು ಕೈಕೊಟ್ಟಾಗ ಕಾಲು ಕೊಡುವವನು ನಾನು.

ಷೋರೂಮಿನ ಹುಡುಗನನ್ನು ಕೇಳಿದ್ದೆ ಒಮ್ಮೆ.
ಸಣ್ಣ ಸಣ್ಣ ಕಾರುಗಳೆಲ್ಲ ಸೊನ್ನೆಗೆ ಬಂದು ನಿಂತು
ಮತ್ತೆ ತಾವೇ ಹೊರಡುತ್ತವಲ್ಲಪ್ಪ, ಇದಕ್ಕೇನು ಧಾಡಿ?
ಅವನು ನಕ್ಕ. ನಮ್ಮ ಗಿರಾಕಿಗಳಿಗೆ
ನಿಮ್ಮಂಥವರು ಇರುತ್ತಾರಲ್ಲ ಎಂದ.
ಆನೆ ನಡೆದದ್ದೇ ದಾರಿ, ಸರಿ.
ಮುಂದೆ ಯಾರಿದ್ದಾರೆಂದು ನೋಡುವ ಅಭ್ಯಾಸ
ಆನೆಗೆ ಎಲ್ಲಿಂದ ಬರಬೇಕು?

ನೊವಾರಾದ ಹತ್ತಿರ ಸಾಲು ನಿಂತಿತು.
ಟಿಣ್.
ಬಲಗಡೆ ಒಂದು ಪುಟ್ಟ ಕೊರಿಯದ ಕಾರು, ಬಂಪರು ಬಿರುಕು,
ಒಳಗೆ ಆಸ್ಪತ್ರೆಯ ನೀಲಿ ಅಂಗಿಯ ಹುಡುಗಿ,
ರಾತ್ರಿಪಾಳಿ ಮುಗಿಸಿದ ಕಣ್ಣು.
ಅವಳ ಕಾರು ನಿಂತಿತು, ಕಾದಿತು, ಎರಡು ಮಾರು ಸರಿಯಿತು,
ಮತ್ತೆ ನಿಂತಿತು,
ಮುಂದಿನವನ ಅಂಗಿ ಹಿಡಿದು ಸಾಲಲ್ಲಿ ನಡೆವ
ಒಂದನೇ ಕ್ಲಾಸಿನ ಮಗುವಿನಂತೆ.
ಅವಳು ಎರಡೂ ಕೈಯಲ್ಲಿ ಕಿತ್ತಳೆ ಸುಲಿಯುತ್ತಿದ್ದಳು.
ಹಾಗೆ ಮಾಡಬಾರದು. ಆದರೂ ನೋಡಿದೆ.
ನನ್ನ ಬಲಮೊಣಕಾಲು, ಬ್ರೇಕಿನ ಮೇಲೆ,
ಕೀಲಿಗೆ ಎಣ್ಣೆ ಕೇಳುವ ಬಾಗಿಲಂತೆ ನರಳಿತು.
ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಿಲ್ಲ,
ಇಲ್ಲಂತೂ ಹೇಳುವ ಮಾತೇ ಇಲ್ಲ.

ಸಿನ್ಯೋರಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.
ಬರುವ ವರ್ಷದ ಮಾದರಿಯಲ್ಲಿ ಅದೆಲ್ಲ ಇದೆಯಂತೆ, ಎರ್ಮೆತೆ,
ಬರೆಸಿಬಿಡಲೆ?
ಬೇಡಿ, ಎಂದೆ. ಅದರ ಚರ್ಮ ಇಷ್ಟು ಚೆನ್ನಾಗಿಲ್ಲ.
ನಾನು ಆ ಚರ್ಮವನ್ನು ನೋಡಿಯೇ ಇರಲಿಲ್ಲ.

ಅವರು ಹೂಂ ಎಂದರು. ಮಂಜು ಹಾಗೇ ಇತ್ತು.
ಸ್ವಲ್ಪ ಹೊತ್ತಿನ ಮೇಲೆ, ಮಡಚಲಾಗದ ಬೆರಳುಗಳನ್ನು
ನಾಯಿಯ ಶಾಲಿನೊಳಗೆ ತೂರಿಸುತ್ತ,
ನನಗೂ ಒಂದು ಕಿತ್ತಳೆ ತಿನ್ನಬೇಕು ಅನ್ನಿಸಿತು, ಎಂದರು,
ಆದರೆ ಯಾರಾದರೂ ಸುಲಿದು ಕೊಡಬೇಕು.

ನನ್ನ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು.