ಸೋಮವಾರ, ತಿಳ್ಮಾತಿ

ಸೋಮವಾರ ಕಾರವಾರ ಮೀನು ತಿನ್ನುವುದು ಕಡಿಮೆ.
ಹಾಗಾಗಿ ನಮ್ಮ ಹೋಟೆಲಿಗೆ ಅಂದು ಬೀಗ,
ಹಾಗಾಗಿ ಊರವರ ಶನಿವಾರ, ಭಾನುವಾರ ಎರಡೂ
ನಮಗೆ ಒಂದೇ ಸೋಮವಾರದೊಳಗೆ
ಒತ್ತಿ ತುಂಬಿದ ಚೀಲ.

ಡಂಬರ, ಖಗೇಂದ್ರ, ಪಾತ್ರೆ ತೊಳೆಯುವ ಹಿಕ್ಮತ್,
ಮತ್ತೆ ನಾನು, ಗಲ್ಲಾದವಳು,
ಅವರ ಬಾಯಲ್ಲಿ ಕ್ಯಾಶ್ ದೀದಿ.
ಡಬ್ಬಿಯಲ್ಲಿ ಚಪಾತಿ, ಹಸಿಮೆಣಸು, ಮೂಲಂಗಿ,
ಮಾಲೀಕರಿಗೆ ಗೊತ್ತಿಲ್ಲದೆ, ನನಗೆ ಗೊತ್ತಿದ್ದೂ,
ನಿನ್ನೆ ಮಿಕ್ಕ ಎಂಟು ಸೀಗಡಿ.

ನಾಲ್ಕು ವರ್ಷದಿಂದ ಮೀನು ಕೆರೆಯುತ್ತಾನೆ ಡಂಬರ.
ಮುಂಗೈಯ ಕೂದಲಲ್ಲಿ ಯಾವಾಗಲೂ
ಒಂದೆರಡು ಹುರುಪೆ ಮಿನುಗುತ್ತಿರುತ್ತವೆ.
ಕಡಲಿಗೆ ಮಾತ್ರ ಕಾಲು ಇಟ್ಟಿಲ್ಲ.
ಕೇಳಿದರೆ, "ಅದು ಎಲ್ಲಿ ಹೋಗ್ತದೆ ದೀದಿ,
ಅಲ್ಲೇ ಇರ್ತದೆ."

ಮಾಜಾಳಿ ಬಸ್ಸು ಸೇತುವೆ ಹತ್ತಿತು.
ಮೂರು ಟಿಕೆಟ್ಟು ದುಡ್ಡಿನದು,
ಆಧಾರ್ ತೋರಿಸಿದ್ದಕ್ಕೆ ನನ್ನದು ಸೊನ್ನೆಯದು.
ಹೊಳೆಯ ಹೆಸರು ಕೇಳಿದ ಹಿಕ್ಮತ್, ಹೊಸಬ.
ಕಾಳಿ, ಅಂದೆ.
ದಾರ್ಚುಲಾದಲ್ಲಿ ಅವರ ಮನೆಯ ಕೆಳಗೂ ಕಾಳಿಯಂತೆ,
ಈ ದಡ ನೇಪಾಳ, ಆ ದಡ ಇಂಡಿಯಾ,
ತೂಗುಸೇತುವೆ ದಾಟಿದರೆ ಪರದೇಶ.
ಖಗೇಂದ್ರ ಹಣೆ ಮುಟ್ಟಿಕೊಂಡ:
"ಮತ್ತೆ ದಾಟಿದೆವಲ್ಲ.
ಈಗ ಹೋಗ್ತಾ ಇದ್ದೇವೋ, ಬರ್ತಾ ಇದ್ದೇವೋ?"

ಗುಡ್ಡ ಹತ್ತಿ ಇಳಿಯಬೇಕು.
ಹತ್ತುವಾಗ ನನಗೆ ಏದುಸಿರು, ಅವರಿಗೆ ಹರಟೆ.
ಇಳಿದಲ್ಲಿ ಕರಿ ಮರಳು.
ಬನವಾಸಿ ಕಡೆಯವಳು ನಾನು, ಕೊಂಕಣಿ ಅರೆಬರೆ;
ತಿಳ್ಮಾತಿ ಎಂದರೆ ತಿಳಿಮಾತು ಇರಬೇಕು,
ಯಾರೋ ಯಾರಿಗೋ ಇಲ್ಲಿ
ಏನನ್ನೋ ಬಿಡಿಸಿ ಹೇಳಿದ್ದಿರಬೇಕು
ಅಂದುಕೊಂಡಿದ್ದೆ ಇಷ್ಟು ದಿನ.
ಡಂಬರ ಒಂದು ಹಿಡಿ ಎತ್ತಿ, ಮೂಸಿ,
"ತಿಲ್. ಮಾಟೋ," ಅಂದ. "ಎಳ್ಳು. ಮಣ್ಣು."
ಅಷ್ಟೇ.
ನನ್ನ ಜಿಲ್ಲೆಯ ಹೆಸರೊಂದನ್ನು
ಸೀಗಡಿ ಸುಲಿದ ಹಾಗೆ ಸುಲಿದು
ನನ್ನ ಕೈಗಿಟ್ಟ.

ಅಲ್ಲಿ ಫೋನು ಗೋವಾದ ಗಾಳಿ ಹಿಡಿಯುತ್ತದೆ.
ಮಗಳಿಗೆ ಕಡಲು ತೋರಿಸಿದ.
ಚಿತ್ರ ನಿಂತಿತು, ಚೌಕ ಚೌಕವಾಗಿ ಒಡೆಯಿತು,
ಮತ್ತೆ ಕೂಡಿಕೊಂಡಿತು.
ಅವಳದೊಂದು ಪ್ರಶ್ನೆ; ನನಗೆ ದಾಟಿಸಿದ:
"ಈ ನೀರು ಯಾವ ಕಡೆ ಇಳೀತದೆ, ಅಂತಾಳೆ."
ಬೆಟ್ಟದ ಹುಡುಗಿ. ಇಳಿಯದ ನೀರು ಕಂಡವಳಲ್ಲ.
ನಾನು ಚಿಲ್ಲರೆ ಇಲ್ಲದವಳ ಹಾಗೆ
ಆ ನೇರ ಗೆರೆಯನ್ನೇ ನೋಡಿದೆ.
"ಬಾ," ಅಂದಳು ಅವಳು. "ಬಾ, ಬಾ."

ಆ ಕರೆ ನನಗೆ ಹಳತು.
ರಾತ್ರಿ ಹತ್ತರ ಮೇಲೆ ಅಡುಗೆಮನೆಯ ಹಿಂದಿನಿಂದ
ಎಷ್ಟು ಸಲ ಕೇಳಿಲ್ಲ,
ಒಮ್ಮೆ ಹೋಗಿ ಬರಬಾರದೇ ಈ ಪುಣ್ಯಾತ್ಮ
ಎಂದು ಬೈದುಕೊಂಡೇ ಗಲ್ಲಾ ಮುಚ್ಚಿದ್ದೇನೆ.
ಈಗ ಬಾಯಿ ಬಿಟ್ಟು ಅಂದೇಬಿಟ್ಟೆ.
"ಬಾ ಅಂದ್ರೆ ಅಪ್ಪ," ಅಂದ ಖಗೇಂದ್ರ.
"ಮೊದಲ ವರ್ಷ ಮಾಲೀಕರು 'ಇಲ್ಲಿ ಬಾ' ಅಂದಾಗಲೆಲ್ಲ
ಇವ ತಿರುಗಿ ಫೋನು ನೋಡ್ತಿದ್ದ."
ಎಲ್ಲರೂ ನಕ್ಕೆವು. ಡಂಬರನೂ,
ಮೊಣಕಾಲಿನವರೆಗೆ ನೀರಲ್ಲಿ ನಿಂತು,
ನೆರೆಯಲ್ಲಿ ಮಗುವನ್ನು ಎತ್ತಿಹಿಡಿದವನಂತೆ
ಫೋನನ್ನು ತಲೆಯ ಮೇಲೆ ಎತ್ತಿಹಿಡಿದು.

ಮಂಗಳವಾರ ಬಾಂಗಡೆ ಬಂತು, ಜನ ಬಂದರು.
ಸಂಬಳದ ಪುಸ್ತಕ ತೆರೆದೆ. ನನ್ನದೇ ಅಕ್ಷರ:
ಬಹಾದ್ದೂರ್ ಒಂದು, ಬಹಾದ್ದೂರ್ ಎರಡು,
ಬಹಾದ್ದೂರ್ ಮೂರು.
ಕಿವಿ ಬಿಸಿಯಾಗಿ, ಹೊಡೆದು ಹಾಕಿ
ಹೆಸರು ಬರೆಯಹೊರಟರೆ ಡಂಬರ ತಡೆದ.
"ಇರಲಿ ದೀದಿ. ಒಬ್ಬ ಊರಿಗೆ ಹೋದರೆ
ತಮ್ಮನನ್ನೋ ಭಾವನನ್ನೋ ಕಳಿಸ್ತಾನೆ.
ಅದೇ ಹೆಸರು, ಅದೇ ಚಾಪೆ.
ಮಾಲೀಕರಿಗೂ ಸುಲಭ, ನಮಗೂ."

ಪೆನ್ನು ಎತ್ತಿದೆ.
ಪುಟದ ಮಡಿಕೆಯಲ್ಲಿ ಒಂದೆರಡು ಕರಿ ಕಣ,
ಊದಿದರೆ ಹೋಗುವುದಿಲ್ಲ.
ಮೂರನೇ ಮೇಜು ಬಿಲ್ಲು ಕೇಳುತ್ತಿದೆ.