ಕಲಂ ನಾಲ್ಕು

ಬಾವಿ ಎಲ್ಲರದ್ದು ಅಂತ ಉಂಟು ಪತ್ರದಲ್ಲಿ.
ದಾರಿ ಯಾರದ್ದು ಅಂತ ಇಲ್ಲ.
ಬಿಲ್ಡರನ ವಕೀಲ ಅಲ್ಲೊಂದು ಪೂರ್ಣವಿರಾಮ ಹಾಕಿ
ಊಟಕ್ಕೆ ಎದ್ದಿರಬೇಕು.

ಜೆಪ್ಪುವಿನ ಈ ಹಿತ್ತಿಲಲ್ಲಿ ಮೊದಲು ಹಂಚಿನ ಮನೆ ಇತ್ತಂತೆ.
ಮನೆ ಕೆಡವಿದರು, ಮಾವು ಕಡಿದರು,
ಬಾವಿ ಮುಚ್ಚಲಿಕ್ಕೆ ಮಾತ್ರ ಯಾರಿಗೂ ಕೈ ಬರಲಿಲ್ಲ.
ಕೆಂಪು ಕಲ್ಲಿನ ಬಾಯಿ ತೆರೆದುಕೊಂಡೇ ಕೂತಿತು
ನಾಲ್ಕು ಮಾಳಿಗೆಯ ಬೆನ್ನ ಹಿಂದೆ,
ಜಿ-ಒಂದರ ಅಡುಗೆಮನೆ ಕಿಟಕಿಯಿಂದ ಮೂರು ಮಾರು.

ಏಪ್ರಿಲ್ ನಡುವಿಗೆ ತುಂಬೆಯ ನೀರು
ದಿನ ಬಿಟ್ಟು ದಿನ, ಆಮೇಲೆ ಬರೀ ಗಾಳಿ.
ನಳ್ಳಿ ತಿರುಗಿಸಿದರೆ
ಮುದುಕರು ನಿದ್ದೆಯಲ್ಲಿ ಉಸಿರೆಳೆದ ಹಾಗೆ.
ಆಗಲೇ ಹಿಲ್ಡಾಬಾಯಿ ಗ್ರಿಲ್ಲಿಗೆ ಬೀಗ ಜಡಿದದ್ದು.

ಸಭೆ ಸೇರಿತು, ಸ್ಕೂಟರುಗಳ ನಡುವೆ.
ನೀರಿಗೆ ಬೀಗ ಹಾಕಿದವರು ಅಲ್ಲಿ ಉತ್ತರ ಕೊಡಲಿಕ್ಕುಂಟು,
ಮೊಯ್ದಿನಬ್ಬ ಬೆರಳು ಮೇಲೆತ್ತಿದರು.
ಮೇಲೆ ಪೈಪು ಇತ್ತು.
ವಾಮನ ಬಾಳಿಗರು ಇಸವಿ, ಸರ್ವೆ ನಂಬರು,
ಉಡುಪಿಯ ಯಾವುದೋ ತೀರ್ಪು.
ದೇಜಪ್ಪಣ್ಣ ನನ್ನಲ್ಲಿ ಕಟರ್ ಉಂಟು ಎಂದ. ಅಷ್ಟೇ ಎಂದ.
ನಾನು ಕಾರ್ಯದರ್ಶಿ, ನಡಾವಳಿ ಬರೆದೆ.
ಕಟರ್ ಬರೆಯಲಿಲ್ಲ.

ಮರುದಿನ ಒಬ್ಬನೇ ಹೋಗಿ ಬೆಲ್ ಒತ್ತಿದೆ.
ಕಾಫಿ ಕೊಟ್ಟರು, ಸಕ್ಕರೆ ಎಷ್ಟು ಅಂತ ಕೇಳದೆ.
"ನೀರು ಬೇಡ ಅಂತ ಯಾರಿಗೆ ಹೇಳಿದೆ? ಕೊಂಡುಹೋಗಲಿ.
ಈ ಕಿಟಕಿ ನೋಡಿ ನೀವು.
ಬೆಳಿಗ್ಗೆ ನೈಟಿಯಲ್ಲಿ ಬೂತಾಯಿ ಶುಚಿ ಮಾಡ್ತಾ ಇರ್ತೇನೆ,
ಕೆಲವು ಸಲ ನನ್ನಷ್ಟಕ್ಕೆ ಏನೋ ಮಾತಾಡ್ತಾ ಇರ್ತೇನೆ.
ತಲೆ ಎತ್ತಿದರೆ ಕೊಡಪಾನ ಹಿಡಿದು ಯಾರೋ!
ನಾಚಿಕೆ ಆಗುದಿಲ್ವೋ ಮಾರಾಯ್ರೆ?"

ಮೂವತ್ತೆರಡು ಪುಟದ ಪತ್ರದಲ್ಲಿ
ಕಿಟಕಿ ಅನ್ನುವ ಶಬ್ದ ಹುಡುಕಿದೆ.
ಅಳತೆ ಇತ್ತು.

ನೂರರ ಛಾಪಾ ಕಾಗದದಲ್ಲಿ ಬರೆದೆವು:
ಒಂದು, ಬೆಳಿಗ್ಗೆ ಆರರಿಂದ ಏಳು, ಸಂಜೆ ಐದರಿಂದ ಆರು.
ಎರಡು, ಹಗ್ಗ ಸವೆದರೆ ಸಂಘದ ಖರ್ಚು.
ಮೂರು, ಬೀಗದ ಕೈ ಇನ್ನೊಂದು ವಾಚ್‌ಮ್ಯಾನನ ಮೊಳೆಗೆ.
ನಾಲ್ಕು, ಗ್ರಿಲ್ ದಾಟುವ ಮೊದಲು ಕೆಮ್ಮತಕ್ಕದ್ದು.

ಬಾಳಿಗರು ಕನ್ನಡಕ ಏರಿಸಿ
ಕೆಮ್ಮತಕ್ಕದ್ದು ಅಂತ ಪ್ರಯೋಗ ಉಂಟೋ ಅಂತ ಕೇಳಿ
ಸಹಿ ಹಾಕಿದರು.

ಮೇ ಇಡೀ ನಮ್ಮ ಕಟ್ಟಡಕ್ಕೆ ಕೆಮ್ಮು.
ದೇಜಪ್ಪಣ್ಣನದ್ದು ಲಾರಿ ಸ್ಟಾರ್ಟ್ ಆದ ಹಾಗೆ,
ಮೊಯ್ದಿನಬ್ಬರದ್ದು ಎರಡು, ಸಣ್ಣದು, ಕ್ಷಮೆ ಕೇಳಿದ ಹಾಗೆ
(ಕೇಳಲಿಲ್ಲ).
ಬಾಳಿಗರ ಸೊಸೆ ಬಳೆ ಅಲುಗಿಸುತ್ತಾಳೆ,
ಅದು ಆಗುತ್ತದೋ ಇಲ್ಲವೋ, ತಿದ್ದುಪಡಿ ಬಾಕಿ.

ಜೂನ್ ಹತ್ತಕ್ಕೆ ಬಾವಿ ತುಂಬಿತು, ನಳ್ಳಿಯೂ ಬಂತು.
ಗ್ರಿಲ್ ತೆರೆದೇ ಉಂಟು, ಯಾರೂ ಆ ಕಡೆ ಹೋಗುವುದಿಲ್ಲ.
ನಿನ್ನೆ ಮೆಟ್ಟಿಲ ಬುಡದಲ್ಲಿ ಹಿಲ್ಡಾಬಾಯಿ
ನೀರಿಳಿಯುವ ಕೊಡೆ ಮಡಚುತ್ತಾ ಕೇಳಿದರು,
"ಎಲ್ಲರಿಗೂ ಕೆಮ್ಮು ಗುಣ ಆಯ್ತೋ ಎಂತ?"